ಟ್ರೈನು ಬೇಡ ಬೈಕಲ್ಲೇ ಬಾ ಅಂದೆ, ತಪ್ಪಾಯ್ತಾ ಮೇಡಂ?
ಓದುಗರ ಪ್ರಶ್ನೆ, ನಮ್ಮ ಉತ್ತರ

ಸಾಮಾನ್ಯವಾಗಿ ಈ ಅಂಕಣಕ್ಕೆ ಮಗ ಓದಲ್ಲ, ನಿದ್ದೆ ಬರಲ್ಲ, ಅತ್ತೆ ಜೊತೆ ಹೊಂದಾಣಿಕೆ ಆಗ್ತಿಲ್ಲ ಅನ್ನೋ ಪತ್ರಗಳೇ ಜಾಸ್ತಿ ಬರ್ತಿದ್ವು. 2025ರ ನವೆಂಬರ್ 10ಕ್ಕೆ ದೆಹಲಿ ಕೆಂಪುಕೋಟೆ ಹತ್ರ ಕಾರು ಸ್ಫೋಟ ಆದ್ಮೇಲೆ ಬಂದ ಪತ್ರಗಳ ಧಾಟಿನೇ ಬೇರೆ. ದೆಹಲಿ ಎಲ್ಲಿ, ದಾವಣಗೆರೆ ಎಲ್ಲಿ, ಆದ್ರೂ ಭಯ ಬಂದು ನಮ್ಮ ಪಡಸಾಲೇಲಿ ಕೂತ್ಬಿಟ್ಟಿದೆ. ಅದಕ್ಕೆ ಈ ಸಲ ಪೂರ್ತಿ ಇದೇ ವಿಷಯ ತಗೊಂಡಿದ್ದೀನಿ.

ಪ್ರಶ್ನೆ: ಮೇಡಂ, ನನ್ನ ಮಗ ಬೆಂಗಳೂರಲ್ಲಿ ಬ್ರೂಕ್‌ಫೀಲ್ಡ್ ಕಡೆ ಕೆಲಸ ಮಾಡ್ತಾನೆ. 2024ರಲ್ಲಿ ಅಲ್ಲೇ ರಾಮೇಶ್ವರಂ ಕೆಫೇಲಿ ಬಾಂಬ್ ಸಿಡೀತಲ್ಲ, ಅದರ ಹಿಂದಿನ ವಾರ ಇವನು ಅಲ್ಲೇ ತಿಂಡಿ ತಿಂದಿದ್ನಂತೆ. ಅವತ್ತಿಂದ ನನ್ನ ಜೀವ ಜೀವದಲ್ಲಿಲ್ಲ. ದೆಹಲಿದು ಆದ್ಮೇಲಂತೂ ಟ್ರೈನು ಬಸ್ಸು ಯಾವ್ದೂ ಬೇಡ, ರಶ್ ಇರೋ ಕಡೆ ಕಾಲಿಡಬೇಡ, ಊರಿಗೆ ಬರೋದಾದ್ರೆ ನಿನ್ನ ಬೈಕಲ್ಲೇ ಬಾ ಅಂತ ಆಣೆ ಹಾಕಿಸಿದ್ದೀನಿ. ಮೂರು ಸಲ ಹಂಗೇ ಬಂದ. ನಮ್ಮೆಜಮಾನ್ರು ನಿಂಗೆ ತಲೆ ಕೆಟ್ಟೈತೆ ಅಂತಾರೆ. ನಾನು ಮಾಡಿದ್ದು ತಪ್ಪಾ?
– ವಿದ್ಯಾನಗರ, ದಾವಣಗೆರೆ

ಉತ್ತರ: ಅಮ್ಮಾ, ನಿಮ್ಮ ಭಯ ತಪ್ಪಲ್ಲ. ಮಗ ಹೋಗಿ ಬಂದ ಜಾಗದಲ್ಲೇ ಬಾಂಬು ಸಿಡಿದಾಗ ಹೊಟ್ಟೇಲಿ ಸಂಕಟ ಆಗ್ದೇ ಇರೋ ತಾಯಿ ಯಾರಿದ್ದಾರೆ. ಆದ್ರೆ ಆ ಭಯದಲ್ಲಿ ನೀವು ಹಾಕಿಸಿದ ಆಣೆ ಮಾತ್ರ ದಯವಿಟ್ಟು ಇವತ್ತೇ ವಾಪಸ್ ತಗೊಳ್ಳಿ, ಈ ಪತ್ರ ಓದಿ ಮುಗಿಸೋಕೆ ಮುಂಚೆನೇ ಫೋನ್ ಮಾಡಿದ್ರೂ ಸರಿ.

ಯಾಕೆ ಅಂತ ಹೇಳ್ತೀನಿ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ಕ್ಕೆ ವಿಮಾನಗಳನ್ನ ಕಟ್ಟಡಕ್ಕೆ ನುಗ್ಗಿಸಿದ್ರಲ್ಲ, ಆಮೇಲೆ ಎಷ್ಟೋ ಜನ ವಿಮಾನ ಹತ್ತೋದೇ ಬಿಟ್ಟು ಕಾರಲ್ಲಿ ದೂರ ದೂರ ಓಡಾಡೋಕೆ ಶುರು ಮಾಡಿದ್ರು. ಗೆರ್ಡ್ ಗಿಗರೆನ್ಸರ್ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞರು ಆಮೇಲೆ ರಸ್ತೆ ಅಪಘಾತದ ಲೆಕ್ಕ ತೆಗೆದು ನೋಡಿದಾಗ, ಮುಂದಿನ 12 ತಿಂಗಳಲ್ಲಿ ಹಿಂಗೆ ರಸ್ತೆಗೆ ಇಳಿದಿದ್ದರಿಂದಾನೇ ಸುಮಾರು 1,500 ಜನ ಹೆಚ್ಚುವರಿಯಾಗಿ ಸತ್ತಿದ್ದಾರೆ ಅಂತ ಅಂದಾಜು ಸಿಕ್ತು. ಅವರನ್ನ ಯಾವ ಉಗ್ರನೂ ಮುಟ್ಟಲಿಲ್ಲ. ಉಗ್ರರಿಗೆ ಹೆದರಿ ಹಿಡಿದ ದಾರೀಲಿ ಸತ್ರು. ಅವರ ಸುದ್ದಿ ಟಿವೀಲಿ ಬರಲಿಲ್ಲ, ಅವರಿಗೆ ಸ್ಮಾರಕ ಕಟ್ಟಲಿಲ್ಲ, ಯಾಕಂದ್ರೆ ಒಬ್ಬೊಬ್ಬರೇ ಒಂದೊಂದು ರಸ್ತೇಲಿ ಹೋದ್ರು.

ನಮ್ಮ ದೇಶದ ಲೆಕ್ಕ ನೋಡಿ. 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತೋರು 1,68,491 ಜನ. ದಿನಕ್ಕೆ 460ರ ಮೇಲಾಯ್ತು, ಅದರಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಟೂ ವೀಲರ್‌ನವರು. 2008ರ ನವೆಂಬರ್ 26ಕ್ಕೆ ಮುಂಬೈಗೆ ನುಗ್ಗಿದ 10 ಜನ ಮೂರು ದಿನ ಆ ಊರನ್ನ ನಡುಗಿಸಿ 166 ಜೀವ ತೆಗೆದ್ರು, ಅದನ್ನ ಈ ದೇಶ ಯಾವತ್ತೂ ಮರೆಯಲ್ಲ, ಮರೀಬಾರ್ದು ಕೂಡ. ಆದ್ರೆ ರಸ್ತೇಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಜನ ಪ್ರತಿದಿನ ಹೋಗ್ತಿದ್ದಾರೆ, ಅದಕ್ಕೆ ನಾವು ಯಾರೂ ಮಕ್ಕಳಿಗೆ ಆಣೆ ಹಾಕಿಸಲ್ಲ. ಬೆಂಗಳೂರಿಂದ ದಾವಣಗೆರೆಗೆ 260 ಕಿಲೋಮೀಟರು, ತುಮಕೂರು ಶಿರಾ ಹಿರಿಯೂರು ಚಿತ್ರದುರ್ಗ, ರಾತ್ರಿ ಹೊತ್ತು ಇಂಡಿಕೇಟರ್ ಇಲ್ದೆ ಸೈಡಿಗೆ ನಿಲ್ಲಿಸಿದ ಲಾರಿಗಳು, ಎದುರಿಗೆ ಬರೋ ಟ್ರ್ಯಾಕ್ಟರು. ಅದೇ ಹುಡುಗ ಜನಶತಾಬ್ದಿ ಹತ್ತಿ ಕಿಟಕಿ ಪಕ್ಕ ಕೂತ್ಕೊಂಡು ಬರಬಹುದಿತ್ತು.

ಹಂಗಾದ್ರೆ ನಮ್ಮ ಮನಸ್ಸು ಯಾಕೆ ಹಿಂಗೆ ತಪ್ಪು ಲೆಕ್ಕ ಹಾಕುತ್ತೆ? 1973ರಲ್ಲೇ ಟ್ವರ್ಸ್ಕಿ, ಕಾನೆಮನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನ ತೋರಿಸಿಕೊಟ್ರು: ಯಾವುದು ಥಟ್ ಅಂತ ನೆನಪಿಗೆ ಬರುತ್ತೋ ಅದೇ ಜಾಸ್ತಿ ನಡೆಯುತ್ತೆ ಅಂತ ಮನಸ್ಸು ನಂಬಿಬಿಡುತ್ತೆ. ಕೆಫೆ ಸ್ಫೋಟ ಆಗಿದ್ದು 2024ರ ಮಾರ್ಚ್ 1ಕ್ಕೆ, ಗಾಯ ಆಗಿದ್ದು ಹತ್ತು ಜನರ ಆಸುಪಾಸು, ಪುಣ್ಯಕ್ಕೆ ಪ್ರಾಣ ಯಾರದ್ದೂ ಹೋಗಲಿಲ್ಲ, ಆದ್ರೆ ಆ ಟೋಪಿ ಹಾಕಿದ ಮನುಷ್ಯ ಬ್ಯಾಗ್ ಹಿಡ್ಕೊಂಡು ನಡೆದು ಬರೋ ಸಿಸಿಟಿವಿ ದೃಶ್ಯನ ನೀವು ಎಷ್ಟು ಸಲ ನೋಡಿದ್ದೀರಿ? ನಾನಂತೂ ನೂರು ಸಲ ನೋಡಿದ್ದೀನಿ. ಆಗಿದ್ದು ಒಂದೇ ಸಲ, ತಲೆಯೊಳಗೆ ಆಗಿದ್ದು ನೂರು ಸಲ. ಇನ್ನೊಂದು ಅಧ್ಯಯನ 1993ರದ್ದು, ವಿಮಾನ ಪ್ರಯಾಣಕ್ಕೆ ಇನ್ಶೂರೆನ್ಸ್ ಮಾಡಿಸೋಕೆ ಎಷ್ಟು ಕೊಡ್ತೀರಿ ಅಂತ ಜನರನ್ನ ಕೇಳಿದ್ರು. ‘ಯಾವುದೇ ಕಾರಣಕ್ಕೆ ಸತ್ರೂ ದುಡ್ಡು ಬರುತ್ತೆ’ ಅಂದಾಗ ಹೇಳಿದ ಮೊತ್ತಕ್ಕಿಂತ ‘ಭಯೋತ್ಪಾದಕರಿಂದ ಸತ್ರೆ ಮಾತ್ರ ಬರುತ್ತೆ’ ಅಂದಾಗ ಜನ ಜಾಸ್ತಿ ಮೊತ್ತ ಹೇಳಿದ್ರು. ಯಾವುದೇ ಕಾರಣ ಅಂದ್ರೆ ಅದರಲ್ಲಿ ಭಯೋತ್ಪಾದನೆನೂ ಸೇರಿದೆಯಲ್ವಾ! ಆದ್ರೂ ಆ ಪದ ಕೇಳಿದ ತಕ್ಷಣ ಕೈ ತಾನಾಗೇ ಜೇಬಿಗೆ ಹೋಗುತ್ತೆ.

ನಿಮ್ಮೆಜಮಾನ್ರಿಗೂ ಒಂದು ಮಾತು. ತಲೆ ಕೆಟ್ಟಿದೆ ಅನ್ಬೇಡಿ ಸರ್, ಹಂಗಂದ್ರೆ ಭಯ ಕಮ್ಮಿ ಆಗಲ್ಲ, ಹೇಳಿಕೊಳ್ಳೋದು ಮಾತ್ರ ನಿಲ್ಲುತ್ತೆ. ಟ್ರೈನು ಟಿಕೆಟ್ ನೀವೇ ಬುಕ್ ಮಾಡಿಕೊಡಿ, ಸ್ಟೇಷನ್ನಿಗೆ ಇಬ್ರೂ ಹೋಗಿ ಕರ್ಕೊಂಡು ಬನ್ನಿ.

ಪ್ರಶ್ನೆ: ನಮ್ಮದು ನಿಟ್ಟುವಳ್ಳಿ. ಮೇಲ್ಗಡೆ ಮನೆ ಬಾಡಿಗೆಗಿತ್ತು. ಮೆಡಿಕಲ್ ಪಿಜಿ ಓದೋ ಹುಡುಗ, ಕಾಶ್ಮೀರದೋನು, ಮನೆ ನೋಡೋಕೆ ಬಂದಿದ್ದ. ಒಳ್ಳೆ ರೀತಿ ಮಾತಾಡಿದ, ಅಡ್ವಾನ್ಸ್ ಕೊಡೋಕೂ ರೆಡಿ ಇದ್ದ. ಊರು ಹೆಸರು ಕೇಳಿದ ಮೇಲೆ ನಾನು ಈಗಾಗ್ಲೇ ಬೇರೆಯೋರಿಗೆ ಕೊಟ್ಟಾಗೈತೆ ಅಂದ್ಬಿಟ್ಟೆ. ಸುಳ್ಳು. ಅವನಿಗೂ ಗೊತ್ತಾಯ್ತು ಅನ್ಸುತ್ತೆ, ‘ಪರವಾಗಿಲ್ಲ ಅಂಕಲ್’ ಅಂದು ಹೋದ. ದೆಹಲಿ ಕೇಸಲ್ಲಿ ಡಾಕ್ಟ್ರುಗಳನ್ನೇ ಅರೆಸ್ಟ್ ಮಾಡಿದ್ರಲ್ಲ, ಆಮೇಲೆ ನಾಳೆ ಏನಾದ್ರೂ ಆದ್ರೆ ಪೊಲೀಸ್ರು ಮೊದಲು ಬರೋದು ನಮ್ಮ ಮನೆಗೆ. ಆದ್ರೂ ಆ ಹುಡುಗನ ಮುಖ ಕಣ್ಣಿಂದ ಹೋಗ್ತಿಲ್ಲ.
– ದಾವಣಗೆರೆ

ಉತ್ತರ: ಅಣ್ಣಾ, ಮುಖ ಕಣ್ಣಿಂದ ಹೋಗ್ತಿಲ್ಲ ಅಂತ ಬರೆದಿದ್ದೀರಲ್ಲ, ಆ ಒಂದು ಸಾಲಿಗೋಸ್ಕರ ನಿಮಗೆ ಉದ್ದ ಉತ್ತರ ಬರೀತಿದ್ದೀನಿ.

2007 ನೆನಪಿದೆಯಾ? ಜೂನ್ 30ಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋ ಏರ್‌ಪೋರ್ಟಿಗೆ ಉರಿಯೋ ಜೀಪು ನುಗ್ಗಿಸಿದ್ರು. ಜೀಪು ಓಡಿಸಿದ ಕಫೀಲ್ ಅಹ್ಮದ್ ನಮ್ಮ ದಾವಣಗೆರೆ ಯುಬಿಡಿಟಿ ಕಾಲೇಜಲ್ಲಿ ಇಂಜಿನಿಯರಿಂಗ್ ಓದಿದೋನು ಅಂತ ಗೊತ್ತಾದಾಗ ಊರಿಗೆ ಊರೇ ಬೆಚ್ಚಿಬಿತ್ತು. ನಾನಾಗ ಕಾಲೇಜಲ್ಲಿ ಪಾಠ ಮಾಡ್ತಿದ್ದೆ. ಸ್ಟಾಫ್ ರೂಮಲ್ಲಿ ಟೀ ಕುಡಿಯೋವಾಗ ಎಲ್ಲರದ್ದೂ ಒಂದೇ ಮಾತು, ನಮ್ಮೂರಲ್ಲಿ ಓದಿದ ಹುಡುಗನಾ ಅಂತ. ಮಾರನೇ ದಿನ ಕ್ಲಾಸಿಗೆ ಹೋದಾಗ ನನ್ನ ಕಣ್ಣು ತಾನಾಗೇ ಎರಡನೇ ಬೆಂಚಲ್ಲಿ ಕೂತಿದ್ದ ಇಬ್ಬರು ಹುಡುಗರ ಕಡೆ ಹೋಯ್ತು. ಅವರು ತಲೆ ತಗ್ಗಿಸಿದ್ರು. ಅವರು ಏನೂ ಮಾಡಿರಲಿಲ್ಲ, ನಾನು ನೋಡಿದೆ ಅಷ್ಟೆ, ಆದ್ರೆ ಆ ನೋಟ ಏನು ಅಂತ ಅವರಿಗೆ ಅರ್ಥ ಆಗಿತ್ತು. ಈಗಲೂ ಅದು ನನ್ನ ಮನಸ್ಸಲ್ಲಿ ಮುಳ್ಳಿನ ಥರ ಇದೆ.

ಅದೇ ವಾರ ಇನ್ನೊಬ್ಬರ ಸುದ್ದಿ, ಅವರು ಡಾಕ್ಟರು. ಮೊಹಮ್ಮದ್ ಹನೀಫ್, ನಮ್ಮ ಮೂಡಿಗೆರೇಲಿ ಹುಟ್ಟಿ ಬೆಂಗಳೂರಲ್ಲಿ ಎಂಬಿಬಿಎಸ್ ಓದಿ ಆಸ್ಟ್ರೇಲಿಯಾದ ಆಸ್ಪತ್ರೇಲಿ ಕೆಲಸ ಮಾಡ್ತಿದ್ರು. ಕಫೀಲ್‌ಗೆ ದೂರದ ಸಂಬಂಧಿ. ಇಂಗ್ಲೆಂಡ್ ಬಿಡೋವಾಗ ತನ್ನ ಸಿಮ್ ಕಾರ್ಡನ್ನ ಕಫೀಲ್‌ನ ತಮ್ಮನ ಕೈಗೆ ಕೊಟ್ಟು ಬಂದಿದ್ರು, ಅಷ್ಟೇ ಸಾಕಾಯ್ತು. ಜುಲೈ 2ಕ್ಕೆ ಬ್ರಿಸ್ಬೇನ್ ಏರ್‌ಪೋರ್ಟಲ್ಲಿ ಹಿಡಿದ್ರು. ಆ ಸಿಮ್ ಉರಿಯೋ ಜೀಪಲ್ಲಿ ಸಿಕ್ತು ಅಂತ ಕೋರ್ಟಲ್ಲೇ ಹೇಳಿದ್ರು, ಆಮೇಲೆ ನೋಡಿದ್ರೆ ಅದು ಜೀಪಲ್ಲಿ ಇರಲೇ ಇಲ್ಲ, ಆ ತಮ್ಮನ ಹತ್ರನೇ ಇತ್ತು. ಜುಲೈ 27ಕ್ಕೆ ಕೇಸೇ ವಾಪಸ್ ತಗೊಂಡ್ರು, 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಅವರಿಗೆ ಪರಿಹಾರ ಕೊಡ್ತು. ಆ ಮನುಷ್ಯ ಒಳಗಿದ್ದಾಗ ಬೆಂಗಳೂರಲ್ಲಿ ಹೆಂಡ್ತಿ ಪುಟ್ಟ ಮಗು ಎತ್ತಿಕೊಂಡು ಕಾಯ್ತಿದ್ರು.

ಈ ಎರಡೂ ಕಥೆ ಯಾಕೆ ಒಟ್ಟಿಗೆ ಹೇಳಿದೆ ಅಂದ್ರೆ, ಕಫೀಲ್ ಇಲ್ಲಿ ಓದ್ತಿದ್ದಾಗ ಯಾರೋ ಮನೆ ಬಾಡಿಗೆ ಕೊಟ್ಟಿದ್ರು ಅಂದ್ಕೊಳ್ಳಿ, ಅವರ ತಪ್ಪೇನಿದೆ? ಮುಖ ನೋಡಿ ಹೆಸರು ಕೇಳಿ ಕಂಡುಹಿಡಿಯೋಕೆ ಆಗೋ ವಿಷಯ ಅಲ್ಲ ಇದು. ಮಂಗಳೂರು ಏರ್‌ಪೋರ್ಟಲ್ಲಿ 2020ರ ಜನವರಿ 20ಕ್ಕೆ ಬಾಂಬ್ ಇಟ್ಟ ಬ್ಯಾಗ್ ಸಿಕ್ತಲ್ಲ, ಅವತ್ತು ನನ್ನ ಫೋನಿಗೆ ಬಂದ ಮೆಸೇಜುಗಳಲ್ಲೆಲ್ಲ ಯಾರ ಕಡೆ ಬೊಟ್ಟು ಮಾಡಿದ್ರು ಅಂತ ನಾನು ಹೇಳಬೇಕಾಗಿಲ್ಲ, ಎರಡು ದಿನಕ್ಕೆ ಪೊಲೀಸರ ಮುಂದೆ ಬಂದು ಶರಣಾದೋನು ಕೆಲಸ ಸಿಗದ ಸಿಟ್ಟಲ್ಲಿದ್ದ ಮಣಿಪಾಲದ ಕಡೆಯ ಇಂಜಿನಿಯರ್. ಪಹಲ್ಗಾಮಲ್ಲಿ 2025ರ ಏಪ್ರಿಲ್ 22ಕ್ಕೆ 26 ಜನರನ್ನ ಕೊಂದ್ರು, ನಮ್ಮ ಪಕ್ಕದ ಶಿವಮೊಗ್ಗದೋರೂ ಅದರಲ್ಲಿದ್ರು. ಹಂಗೇ ಆ 26ರಲ್ಲಿ ಒಬ್ಬ ಅಲ್ಲಿಯದೇ ಮುಸ್ಲಿಂ ಹುಡುಗ, ಪ್ರವಾಸಿಗರನ್ನ ಕುದುರೆ ಮೇಲೆ ಕೂರಿಸಿಕೊಂಡು ಹೋಗೋ ಕೆಲಸ, ಅವರನ್ನ ಉಳಿಸೋಕೆ ಹೋಗಿ ಗುಂಡಿಗೆ ಬಲಿಯಾದ. ಕಾಶ್ಮೀರ ಅಂದ ತಕ್ಷಣ ನಮ್ಮ ತಲೆಗೆ ಆ ಹುಡುಗ ಯಾಕೆ ಬರಲ್ಲ?

ಪೊಲೀಸ್ರು ಬರ್ತಾರೆ ಅನ್ನೋ ನಿಮ್ಮ ಆತಂಕಕ್ಕೆ ದಾರಿ ಇದೆ. ಅಗ್ರಿಮೆಂಟ್ ಮಾಡಿಸಿ, ಆಧಾರ್ ಕಾಪಿ, ಕಾಲೇಜಿನ ಐಡಿ ಕಾರ್ಡ್ ಕಾಪಿ ಇಟ್ಕೊಳ್ಳಿ, ಬಾಡಿಗೆದಾರರ ವಿವರ ಹತ್ರದ ಸ್ಟೇಷನ್ನಿಗೆ ಕೊಡಿ. ಆದ್ರೆ ಇದನ್ನ ಚನ್ನಗಿರಿಯಿಂದ ಬಂದೋರಿಗೂ ಮಾಡಿ, ಕಾಶ್ಮೀರದಿಂದ ಬಂದೋರಿಗೂ ಮಾಡಿ. ಎಲ್ಲರಿಗೂ ಒಂದೇ ಥರ ಕೇಳಿದ್ರೆ ಯಾರಿಗೂ ಅವಮಾನ ಆಗಲ್ಲ. ಮತ್ತೆ ಆ ಹುಡುಗನ ನಂಬರು ನಿಮ್ಮ ಫೋನಲ್ಲಿ ಇದ್ದೇ ಇರುತ್ತೆ, ಮನೆ ನೋಡೋಕೆ ಬರೋ ಮುಂಚೆ ಫೋನ್ ಮಾಡಿರ್ತಾನಲ್ಲ. ಮನೆ ಇನ್ನೂ ಖಾಲಿ ಇದ್ರೆ ಮಾಡಿ ಅಣ್ಣಾ.

ಪ್ರಶ್ನೆ: ಅಕ್ಕ, ನಾನು ಚಿತ್ರದುರ್ಗದಲ್ಲಿ ಮೊಬೈಲ್ ಅಂಗಡಿ ಇಟ್ಕೊಂಡಿದೀನಿ. ಹೋದ್ಸಲ ನಮ್ ಕಡೆ ಜಾತ್ರೆ ಹೊತ್ತಿಗೆ ಒಂದು ವಾಯ್ಸ್ ಮೆಸೇಜ್ ಬಂತು, ಜಾತ್ರೆಲಿ ಬಾಂಬ್ ಇಟ್ಟವ್ರೆ ಮಕ್ಕಳನ್ನ ಕರ್ಕಂಡು ಹೋಗಬ್ಯಾಡ್ರಿ ಅಂತ. ಒಳ್ಳೇದಕ್ಕೇ ಅಲ್ವಾ ಅಂತ ನಾನು ನಾಕು ಗ್ರೂಪಿಗೆ ಹಾಕ್ದೆ. ಸುಳ್ಳು ಸುದ್ದಿ ಅಂತ ಆಮೇಲೆ ಗೊತ್ತಾತು. ನಮ್ಮನೆ ಹಿಂದೆ ಇರೋ ಅಜ್ಜಿ ಜಾತ್ರೆಲಿ ಮಂಡಕ್ಕಿ ಕಾರ ಅಂಗಡಿ ಹಾಕಿತ್ತು, ಸಂಜೆಗೆ ಮೂಟೆ ಮೂಟೆ ಹಂಗೇ ವಾಪಸ್ ತಂದ್ಲು. ಹುಷಾರಾಗಿರ್ಲಿ ಅಂತ ಹೇಳೋದು ತಪ್ಪಾ?

ಉತ್ತರ: ತಮ್ಮಾ, ನಿನ್ನ ಮನಸ್ಸು ಒಳ್ಳೇದೇ. ಕೆಟ್ಟ ಮನಸ್ಸಿನಿಂದ ಫಾರ್ವರ್ಡ್ ಮಾಡೋರು ಕಮ್ಮಿ, ‘ಇರಲಿ, ಹೇಳಿದ್ರೆ ನಮ್ಮ ಗಂಟೇನು ಹೋಯ್ತು’ ಅಂತ ಕಳಿಸೋರೇ ಜಾಸ್ತಿ, ಅದರಿಂದಾನೇ ಅದು ಅಷ್ಟು ವೇಗವಾಗಿ ಹೋಗೋದು. ಗಂಟು ಹೋಗೋದು ಆ ಅಜ್ಜೀದು. ಸಂಜೆ ಹೊತ್ತಿಗೆ ಮೆತ್ತಗಾದ ಮಂಡಕ್ಕಿನ ಯಾರೂ ಕೊಳ್ಳಲ್ಲ.

2012ರ ಆಗಸ್ಟಲ್ಲಿ ಬೆಂಗಳೂರಲ್ಲಿ ಏನಾಯ್ತು ನೋಡು, ನೀನಾಗ ಚಿಕ್ಕೋನಿರ್ತೀಯ. ಅಸ್ಸಾಮಲ್ಲಿ ಗಲಾಟೆ ಆಗಿತ್ತು, ಇಲ್ಲಿರೋ ಈಶಾನ್ಯದೋರ ಮೇಲೆ ದಾಳಿ ಮಾಡ್ತಾರಂತೆ ಅಂತ ಎಸ್ಸೆಮ್ಮೆಸ್ ಓಡಾಡ್ತು. ಹೋಟೆಲಲ್ಲಿ ಸಪ್ಲೈ ಮಾಡೋ ಹುಡುಗರು, ಬ್ಯೂಟಿ ಪಾರ್ಲರ್ ಹುಡುಗೀರು, ಸೆಕ್ಯೂರಿಟಿ ಗಾರ್ಡುಗಳು, ಸಾವಿರಾರು ಜನ ಸಂಬಳಾನೂ ಇಸ್ಕೊಳ್ದೆ ಸಿಕ್ಕಿದ್ದು ಬ್ಯಾಗಿಗೆ ತುಂಬ್ಕೊಂಡು ಗುವಾಹಟಿ ಟ್ರೈನು ಹತ್ತಿದ್ರು, ಸ್ಪೆಷಲ್ ಟ್ರೈನ್ ಬಿಡಬೇಕಾಯ್ತು. ಆ ಮೆಸೇಜಲ್ಲಿದ್ದ ದಾಳಿ ಆಗಲೇ ಇಲ್ಲ. ಕೊನೆಗೆ ಕೇಂದ್ರ ಸರ್ಕಾರ ಒಂದು ಸಲಕ್ಕೆ 5 ಜನಕ್ಕಿಂತ ಜಾಸ್ತಿ ಜನಕ್ಕೆ ಎಸ್ಸೆಮ್ಮೆಸ್ ಕಳಿಸಂಗಿಲ್ಲ ಅಂತ 15 ದಿನ ತಡೆ ಹಾಕ್ತು. ಭಯಕ್ಕೆ ಬಾಂಬೇ ಬೇಕಾಗಿಲ್ಲ, ಮಾತು ಸಾಕು.

2018ರಲ್ಲಿ ಇನ್ನೂ ಘೋರ. ಮಕ್ಕಳ ಕಳ್ಳರು ಬಂದವ್ರೆ ಅನ್ನೋ ವಾಟ್ಸಾಪ್ ಸುದ್ದಿ ನಂಬಿ ಬೆಂಗಳೂರಿನ ಚಾಮರಾಜಪೇಟೇಲಿ ಕೂಲಿಗೆ ಬಂದ ರಾಜಸ್ಥಾನದ ಹುಡುಗನ್ನ ಹೊಡೆದು ಸಾಯಿಸಿದ್ರು, ಜುಲೈನಲ್ಲಿ ಬೀದರ್ ಜಿಲ್ಲೆ ಮುರ್ಕಿಯಲ್ಲಿ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಹೋದ, ಅವರ ಗುಂಪಿನೋರು ದಾರೀಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ತಪ್ಪಾಯ್ತು. ಅದೇ ತಿಂಗಳು ವಾಟ್ಸಾಪ್‌ನೋರು ನಮ್ಮ ದೇಶದಲ್ಲಿ ಫಾರ್ವರ್ಡನ್ನ ಒಂದು ಸಲಕ್ಕೆ 5 ಚಾಟ್‌ಗೆ ಮಿತಿ ಮಾಡಿದ್ದು.

ಮುಂದಿನ ಸಲ ಇಂಥದ್ದು ಬಂದಾಗ ಗ್ರೂಪಿಗೆ ಹಾಕಬೇಡ, 112ಕ್ಕೆ ಫೋನ್ ಮಾಡಿ ಹಿಂಗೊಂದು ಮೆಸೇಜ್ ಬಂದಿದೆ ಅಂತ ಹೇಳು. ನಿಜ ಇದ್ರೆ ಅವರೇ ಹೋಗಿ ನೋಡ್ತಾರೆ. ಈಗ ಸದ್ಯಕ್ಕೆ ಅದೇ ನಾಕು ಗ್ರೂಪಿಗೆ ‘ನಾನು ಹಾಕಿದ್ದು ಸುಳ್ಳು’ ಅಂತ ನಿನ್ನ ಹೆಸರಲ್ಲೇ ಬರೆದು ಹಾಕು. ಅಜ್ಜಿ ಹತ್ರ ಏನು ಮಾಡಬೇಕು ಅಂತ ನಿನಗೇ ಗೊತ್ತಿದೆ.

ಪ್ರಶ್ನೆ: ಬಸ್ಸಲ್ಲಿ ವಾರಸುದಾರರಿಲ್ಲದ ಬ್ಯಾಗ್ ಕಂಡ್ರೆ ಏನು ಮಾಡಬೇಕು? ಅನುಮಾನ ಪಡೋದೇ ತಪ್ಪು ಅಂತೀರಾ?
– ಹರಿಹರ

ಉತ್ತರ: ಖಂಡಿತ ತಪ್ಪಲ್ಲ. ಮುಟ್ಟಬೇಡಿ, ತೆರೀಬೇಡಿ, ಇದು ಯಾರದ್ದು ಅಂತ ಜೋರಾಗಿ ಒಂದು ಸಲ ಕೇಳಿ, ಯಾರೂ ಅನ್ನಲಿಲ್ಲ ಅಂದ್ರೆ ಕಂಡಕ್ಟರಿಗೆ ಹೇಳಿ ಬಸ್ ನಿಲ್ಲಿಸಿ, ಎಲ್ಲರೂ ಇಳಿದು ದೂರ ನಿಂತು 112ಕ್ಕೆ ಫೋನ್ ಮಾಡಿ. ಟ್ರೈನಲ್ಲಾದ್ರೆ 139.

ಆದ್ರೆ ನನ್ನ ಕಣ್ಣಾರೆ ಕಂಡಿದ್ದು ಒಂದು ಹೇಳ್ತೀನಿ. ಮುಂಬೈ ದಾಳಿ ಆಗಿ ಒಂದು ತಿಂಗಳೂ ಆಗಿರಲಿಲ್ಲ, ಚಿತ್ರದುರ್ಗದಿಂದ ದಾವಣಗೆರೆಗೆ ಬರ್ತಿದ್ದೆ. ಭರಮಸಾಗರದಲ್ಲಿ ಬಸ್ ನಿಂತು ಹೊರಡೋ ಹೊತ್ತಿಗೆ ಸೀಟಿನ ಕೆಳಗೆ ಒಂದು ಹಳದಿ ಬಟ್ಟೆ ಚೀಲ, ಒಳಗೆ ಏನೋ ಗಟ್ಟಿ ಸ್ಟೀಲಿಂದು. ಯಾರದ್ದು ಯಾರದ್ದು ಅಂತ ಗದ್ದಲ ಆಯ್ತು. ಚೀಲದಿಂದ ಎರಡು ಸೀಟು ಹಿಂದೆ ಗಡ್ಡ ಬಿಟ್ಟ ಒಬ್ಬ ಹುಡುಗ ಕೂತಿದ್ದ, ಇಪ್ಪತ್ತು ವರ್ಷ ಇರಬಹುದು. ಎಲ್ಲರ ಕಣ್ಣೂ ಚೀಲ ಬಿಟ್ಟು ಅವನ ಮೇಲೆ. ನಿಂದೇನೋ ಅಂದ್ರು, ಅಲ್ಲ ಅಂದ. ಮತ್ತೆ ಕೇಳಿದ್ರು. ಅವನ ಸ್ವಂತ ಬ್ಯಾಗು ಇಸ್ಕೊಂಡು ಜಿಪ್ ಎಳೆದು ಸೀಟಿನ ಮೇಲೆ ಸುರಿದ್ರು: ಜೆರಾಕ್ಸ್ ನೋಟ್ಸು, ಒಂದು ಟವೆಲ್ಲು, ಊಟದ ಡಬ್ಬಿ. ಅಷ್ಟರಲ್ಲಿ ಮೂತ್ರಕ್ಕೆ ಇಳಿದಿದ್ದ ಒಬ್ಬ ಅಜ್ಜ ಓಡ್ತಾ ಬಂದು ಹತ್ತಿ ‘ನನ್ ಚೀಲ ಎಲ್ರೋ’ ಅಂದ, ಅದರಲ್ಲಿ ಮೊಮ್ಮಗಳಿಗೆ ಅಂತ ತಂದ ತುಪ್ಪದ ಡಬ್ಬಿ ಇತ್ತು. ಎಲ್ಲರೂ ನಕ್ಕು ಹಗುರಾದ್ರು. ಆ ಹುಡುಗ ಚೆಲ್ಲಿದ ಹಾಳೆಗಳನ್ನ ಒಂದೊಂದೇ ಆರಿಸಿ ಬ್ಯಾಗಿಗೆ ಹಾಕ್ಕೊಂಡು, ಸೀಟು ಖಾಲಿ ಇದ್ರೂ ಕೂರದೆ, ದಾವಣಗೆರೆ ಬರೋವರೆಗೂ ಬಾಗಿಲ ಹತ್ರ ನಿಂತೇ ಬಂದ. ಕ್ಷಮಿಸಪ್ಪಾ ಅಂತ ಬಸ್ಸಲ್ಲಿ ಒಬ್ಬರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಅನುಮಾನ ಚೀಲದ ಮೇಲೆ ಇರಲಿ ಸರ್, ಅದು ನಮ್ಮನ್ನ ಕಾಪಾಡುತ್ತೆ. ಅವತ್ತು ಅದು ನಿಜಕ್ಕೂ ಬಾಂಬೇ ಆಗಿದ್ರೆ, ಆ ಹುಡುಗನ ಬ್ಯಾಗ್ ಸುರಿಯೋದ್ರಲ್ಲಿ ಕಳೆದ ಐದು ನಿಮಿಷದಲ್ಲಿ ನಾವೆಲ್ಲ ಹೋಗಿರ್ತಿದ್ವಿ.

ಪ್ರಶ್ನೆ: ನಾನು ಲಾ ಸ್ಟೂಡೆಂಟ್. ಉಗ್ರರ ವಿರುದ್ಧ ಎಷ್ಟು ಕಠಿಣ ಕಾನೂನು ಬಂದ್ರೂ ಜನ ಚಪ್ಪಾಳೆ ಹೊಡೀತಾರೆ, ಪ್ರಶ್ನೆ ಕೇಳಿದ್ರೆ ದೇಶದ್ರೋಹಿ ಅಂತಾರೆ, ಯಾಕೆ?

ಉತ್ತರ: ಕಠಿಣ ಕಾನೂನು ಬೇಡ ಅಂತ ನಾನು ಹೇಳಲ್ಲ ಪುಟ್ಟಿ, ಬಾಂಬ್ ಇಟ್ಟೋನಿಗೆ ಶಿಕ್ಷೆ ಆಗ್ಲೇಬೇಕು. ಆದ್ರೆ ಹೆದರಿದ ಹೊತ್ತಲ್ಲಿ ಕೈಗೆ ಸಿಕ್ಕ ಕಾಗದಕ್ಕೆಲ್ಲ ಸೈನ್ ಹಾಕ್ತೀವಿ. 1985ರಲ್ಲಿ ಭಯೋತ್ಪಾದನೆ ತಡೆಯೋಕೆ ಟಾಡಾ ಅನ್ನೋ ಕಾನೂನು ಬಂತು, ದುರುಪಯೋಗದ ದೂರು ಜಾಸ್ತಿಯಾಗಿ 1995ಕ್ಕೆ ಮುಗೀತು. 2001ರ ಡಿಸೆಂಬರಲ್ಲಿ ಪಾರ್ಲಿಮೆಂಟ್ ಮೇಲೆ ದಾಳಿ ಆಯ್ತು, 2002ರಲ್ಲಿ ಅಂಥದ್ದೇ ಪೋಟಾ ಬಂತು, 2004ಕ್ಕೆ ಅದನ್ನೂ ರದ್ದು ಮಾಡಿದ್ರು. ಮುಂಬೈ ದಾಳಿ ಆದ ಕೆಲವೇ ವಾರದಲ್ಲಿ ಎನ್‌ಐಎ ಅನ್ನೋ ಕೇಂದ್ರದ ತನಿಖಾ ಸಂಸ್ಥೆಯ ಕಾಯ್ದೆ ಬಂತು, ಯುಎಪಿಎಗೆ, ಅಂದ್ರೆ ಕಾನೂನುಬಾಹಿರ ಚಟುವಟಿಕೆ ತಡೆಯೋ ಕಾಯ್ದೆಗೆ ತಿದ್ದುಪಡಿ ಆಗಿ ಜಾಮೀನು ಸಿಗೋದು ತುಂಬ ಕಷ್ಟ ಆಯ್ತು. ಜಾಮೀನಿಲ್ಲ, ವಿಚಾರಣೆನೂ ಮುಗಿಯಲ್ಲ ಅಂದ್ರೆ ನಿರಪರಾಧಿಯಾದೋನೂ ವರ್ಷಗಟ್ಟಲೆ ಒಳಗಿರ್ತಾನೆ. ಸುಪ್ರೀಂ ಕೋರ್ಟು 2021ರ ನಜೀಬ್ ಪ್ರಕರಣದಲ್ಲಿ ವಿಚಾರಣೆ ತೀರಾ ಲಂಬಿಸಿದ್ರೆ ಇಂಥ ಕೇಸಲ್ಲೂ ಜಾಮೀನು ಕೊಡಬಹುದು ಅಂದಿದೆ, ಆ ತೀರ್ಪು ಪೂರ್ತಿ ಓದು. ಜನ ಚಪ್ಪಾಳೆ ಹೊಡೆಯೋದು ಯಾಕಂದ್ರೆ ಆ ಕಾನೂನು ಹಿಡಿಯೋದು ‘ಬೇರೆಯೋರನ್ನ’ ಅಂತ ಅವರಿಗೆ ಗ್ಯಾರಂಟಿ ಇರುತ್ತೆ. ಸಿಮ್ ಕಾರ್ಡ್ ಕೊಟ್ಟು ಬಂದಾಗ ಮೂಡಿಗೆರೆ ಡಾಕ್ಟ್ರಿಗೂ ಏನೂ ಅನುಮಾನ ಇರಲಿಲ್ಲ.

ಪ್ರಶ್ನೆ: ನಮ್ಮದು ಚಳ್ಳಕೆರೆ. ಮಗ ಐದನೇ ಕ್ಲಾಸು. 2025ರ ಮೇ ತಿಂಗಳಲ್ಲಿ ಟಿವೀಲಿ ಸೈರನ್ನು, ಮಾಕ್ ಡ್ರಿಲ್ಲು ಅಂತೆಲ್ಲ ನೋಡಿದಾಗಿಂದ ಶುರು ಆಗಿದ್ದು, ಈಗ ದೆಹಲಿದು ನೋಡಿ ಮತ್ತೆ ಜಾಸ್ತಿ ಆಗೈತೆ. ಅಮ್ಮ, ನಮ್ಮೂರ ಹತ್ರ ಡಿಆರ್‌ಡಿಒ ಐತಲ್ಲ, ಮೊದಲು ನಮಗೇ ಬಾಂಬ್ ಹಾಕ್ತಾರಾ ಅಂತ ರಾತ್ರಿ ಎದ್ದು ಕೇಳ್ತಾನೆ. ಸುಮ್ನೆ ಮಲಗು ಏನೂ ಆಗಲ್ಲ ಅಂತೀನಿ.

ಉತ್ತರ: ತಾಯಿ, ‘ಸುಮ್ನೆ ಮಲಗು’ ಅನ್ನೋದು ಬಿಡಿ. ಅವನು ಯೋಚನೆ ಮಾಡೋ ಹುಡುಗ, ಊರ ಹತ್ರ ಡಿಆರ್‌ಡಿಒ ಅನ್ನೋ ರಕ್ಷಣಾ ಸಂಶೋಧನಾ ಸಂಸ್ಥೆ ಡ್ರೋನ್ ಟೆಸ್ಟ್ ಮಾಡೋ ಜಾಗ ಇದೆ ಅಂತ ಗೊತ್ತು, ಅದನ್ನ ಟಿವಿ ಸುದ್ದಿಗೆ ತಾಳೆ ಹಾಕಿದ್ದಾನೆ. ಸುಮ್ಮನಿರು ಅಂದ್ರೆ ಅಮ್ಮಂಗೂ ಭಯ ಇದೆ, ಹೇಳ್ತಿಲ್ಲ ಅಂದ್ಕೊತಾನೆ. ಇನ್ನೊಂದು ವಿಷಯ, ಟಿವೀಲಿ ಒಂದೇ ದೃಶ್ಯ ತಿರುಗಾ ಮುರುಗಾ ಹಾಕಿದಾಗ ಚಿಕ್ಕ ಮಕ್ಕಳು ಪ್ರತಿ ಸಲ ಹೊಸದಾಗಿ ಬಾಂಬ್ ಬೀಳ್ತಿದೆ ಅಂದ್ಕೊಳ್ತವೆ. ದೊಡ್ಡೋರಿಗೆ ಅದು ಮರುಪ್ರಸಾರ, ಅವಕ್ಕೆ ಹೊಸ ದಾಳಿ.

ಆದ್ದರಿಂದ ಅವನು ಮನೇಲಿರೋವಾಗ ನ್ಯೂಸ್ ಚಾನೆಲ್ ಹಾಕಬೇಡಿ, ಬೇಕಾದ್ರೆ ಬೆಳಿಗ್ಗೆ ಪೇಪರು ಓದಿ. ರಾತ್ರಿ ಎದ್ದಾಗ ಉತ್ತರ ಹುಡುಕೋದಕ್ಕಿಂತ ಹಗಲಲ್ಲೇ ಕೂರಿಸ್ಕೊಂಡು ನಿನಗೆ ಏನೇನು ಗೊತ್ತು ಹೇಳು ಅಂತ ಕೇಳಿ, ಪೂರ್ತಿ ಹೇಳೋಕೆ ಬಿಡಿ. ನನಗೂ ಒಂದೊಂದ್ಸಲ ಭಯ ಆಗುತ್ತೆ ಅಂತ ನಿಜ ಹೇಳಿ. ದೆಹಲಿ ಎಷ್ಟು ದೂರ ಅಂತ ಸ್ಕೂಲಿನ ಅಟ್ಲಾಸಲ್ಲಿ ಅವನ ಬೆರಳಿಂದಾನೇ ಅಳೆಸಿ. ನಮ್ಮನ್ನ ನೋಡ್ಕೊಳ್ಳೋಕೆ ಯಾರ್ಯಾರಿದ್ದಾರೆ, ಪೊಲೀಸ್ರು, ಫೈರ್ ಎಂಜಿನ್‌ನೋರು, ಆಸ್ಪತ್ರೆಯೋರು, ಪಕ್ಕದ ಮನೆ ಅಂಕಲ್ಲು, ಅವನ ಕೈಲೇ ಒಂದು ಹಾಳೇಲಿ ಬರೆಸಿ ಅವನು ಮಲಗೋ ಜಾಗದ ಗೋಡೆಗೆ ಅಂಟಿಸಿ. ಒಂದು ತಿಂಗಳು ಆದ್ಮೇಲೂ ನಿದ್ದೆ ಸರಿ ಹೋಗದೆ ಇದ್ರೆ ಜಿಲ್ಲಾ ಆಸ್ಪತ್ರೇಲಿ ಮಾನಸಿಕ ವಿಭಾಗಕ್ಕೆ ಕರ್ಕೊಂಡು ಹೋಗಿ, ಅದಕ್ಕೆ ನಾಚಿಕೆ ಪಡಬೇಡಿ. ಪಟ್ಟಿ ಬರೆಯೋವಾಗ ಯಾರ ಹೆಸರು ಮೊದಲು ಬರೀತಾನೆ ಅಂತ ನೋಡಿ ನನಗೊಂದು ಸಾಲು ಬರೆದು ಕಳಿಸಿ.